ಪರದೇಶದ ಅಡುಗೆಮನೆಯ ಮೇಲೆ ಹೊಟ್ಟೆಕಿಚ್ಚು

ನಾನು ಕಾಲೇಜು ಓದುವುದು ಈ ಜನ್ಮಕ್ಕೆ ಆಗದ ಮಾತು ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾಗಿ ಮದ್ರಾಸಿಗೆ ಹೋಗಿದ್ದವಳು, ಗಂಡ ತೀರಿಕೊಂಡ ಮೇಲೆ ಅರೆಕೆರೆಯಲ್ಲಿದ್ದ ನಮ್ಮ ವಠಾರಕ್ಕೇ ಬಂದು ಒಂದು ಕೋಣೆ ಹಿಡಿದಿದ್ದಳು. ಮದ್ರಾಸಿನ ಹಳೇ ಜನ ಮ್ಯೂಸಿಯಮ್ಮನ್ನು ‘ಸತ್ತ ಕಾಲೇಜು’ ಎಂದೂ, ಪ್ರಾಣಿಗಳನ್ನು ಇಟ್ಟಿರುವ ಜಾಗವನ್ನು ‘ಜೀವದ ಕಾಲೇಜು’ ಎಂದೂ ಕರೆಯುತ್ತಿದ್ದರಂತೆ. ಅಲ್ಲಿಂದ ಅವಳು ತಂದ ಆಸ್ತಿಯೆಂದರೆ ಇಂಥ ಮಾತುಗಳೇ. ಪಿಯುಸಿಯ ಅಕೌಂಟೆನ್ಸಿಯಲ್ಲಿ ಫೇಲಾಗಿ ನಾನು ವಠಾರದ ನಲ್ಲಿಯ ಪಕ್ಕ ಅಳುತ್ತ ಕೂತಿದ್ದಾಗ, ನೀರಿಗೆ ನಿಂತಿದ್ದ ಹೆಂಗಸರೆಲ್ಲ ಕೇಳುವ ಹಾಗೆ ಹೇಳಿದಳು:

“ಅಳಬೇಡ ಸುಮ್ನಿರೇ. ನಿನಗೂ ಒಂದು ಕಾಲೇಜಿದೆ. ಸತ್ತ ಕಾಲೇಜು. ಅಲ್ಲಿ ಮಾರ್ಕ್ಸ್ ಕಾರ್ಡ್ ಕೇಳಲ್ಲ, ಟಿಕೆಟ್ ತಗೊಂಡ್ರೆ ಒಳಗೆ ಬಿಡ್ತಾರೆ.”

ಹೆಂಗಸರು ನಕ್ಕರು. ಅಮ್ಮನೂ ನಕ್ಕಳು. ಅತ್ತೆಯ ಮಾತಿಗಿಂತ ಅಮ್ಮನ ನಗುವೇ ನನಗೆ ಹೆಚ್ಚು ಚುಚ್ಚಿತು. ಮನೆಮನೆಯ ಪಾತ್ರೆ ತೊಳೆದು ಬಂದು, ಕೊಡ ಹಿಡಿದು ನಿಂತಿದ್ದ ಅವಳಿಗೆ ಆ ಹೊತ್ತಿಗೆ ನಗು ಒಂದು ವಿಶ್ರಾಂತಿಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಈಗ ಇದನ್ನು ಬರೆಯುತ್ತಿರುವವಳು ಬಿ.ಎ. ಪದವೀಧರೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆಗೆ ಮೊದಲನೆಯವಳು. ಇದನ್ನು ಹೇಳುವಾಗ ದನಿ ತಗ್ಗಿಸುವುದು ನನಗೆ ಬರುವುದಿಲ್ಲ, ಕಲಿಯುವ ಇಷ್ಟವೂ ಇಲ್ಲ.

ನಡುವೆ ವರ್ಷಗಳು ಹೋದವು. ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಬಿಲ್ ಕೌಂಟರಿಗೆ ಸೇರಿದೆ. ಕೆಲಸ ಮಾಡುತ್ತಲೇ ಅಕೌಂಟೆನ್ಸಿಯನ್ನು ಮತ್ತೆ ಕಟ್ಟಿ ಪಾಸು ಮಾಡಿದೆ. ತನ್ನ ತಾಯಿಯನ್ನು ಮಂಡಿನೋವಿಗೆಂದು ಅದೇ ಕ್ಲಿನಿಕ್ಕಿಗೆ ಕರೆತರುತ್ತಿದ್ದವನೇ ನನ್ನನ್ನು ಮದುವೆಯಾದ. ಬೊಮ್ಮಸಂದ್ರದ ಒಂದು ಯಂತ್ರ ಕಾರ್ಖಾನೆಯಲ್ಲಿ ಇಂಜಿನಿಯರ್. ಅವನ ತಂದೆ ಮೇಷ್ಟ್ರು, ತಾತ ಮೇಷ್ಟ್ರು. ಅವರ ಮನೆಯ ಗೋಡೆಯ ಮೇಲೆ ಮೂರು ತಲೆಮಾರಿನ ಪದವಿ ಫೋಟೋಗಳು, ಕಪ್ಪು ನಿಲುವಂಗಿ ಹಾಕಿಕೊಂಡ ಗಂಡಸರು, ಸಾಲಾಗಿ. ಮದುವೆಯಾಗಿ ಆ ಮನೆಗೆ ಹೋದ ಮೊದಲ ವಾರವೇ ನಾನು ಸಂಜೆ ಕಾಲೇಜಿಗೆ ಅರ್ಜಿ ಹಾಕಿದೆ. ಆ ಗೋಡೆ ನನ್ನನ್ನು ಕೂರಲು ಬಿಡಲಿಲ್ಲ.

ಹೊಟ್ಟೆಕಿಚ್ಚಿನ ವಿಷಯ ಹೇಳಬೇಕು. ಅದು ಪರದೇಶದಲ್ಲಿ ಹುಟ್ಟಿದ್ದಲ್ಲ. ಅತ್ತೆಯವರು, ಎಂದರೆ ಗಂಡನ ತಾಯಿ, ಒಂದು ದಿನ ಅಟ್ಟದಿಂದ ಟ್ರಂಕು ಇಳಿಸಿ ಮಗನ ಸಾಮಾನನ್ನೆಲ್ಲ ತೋರಿಸಿದರು. ಅವನು ಅಂಗನವಾಡಿಗೆ ಹೋಗುವಷ್ಟು ಪುಟ್ಟವನಿದ್ದಾಗ ಗೀಚಿದ ಆನೆಯ ಚಿತ್ರ, ಮೊದಲ ಶಾಲೆಯ ಟೈ, ಬಣ್ಣ ಹೋದ ಬುಗುರಿ, ಒಂದನೇ ಕ್ಲಾಸಿನಿಂದ ಬಂದ ಎಲ್ಲ ರಿಪೋರ್ಟ್ ಕಾರ್ಡುಗಳು. ಪ್ರತಿಯೊಂದರ ಜೊತೆಗೂ ಒಂದು ಕಥೆ. ನಾನು “ಚೆನ್ನಾಗಿದೆ, ಚೆನ್ನಾಗಿದೆ” ಎನ್ನುತ್ತ ಕೂತಿದ್ದೆ. ನನ್ನೊಳಗೆ ಒಂದೇ ಮಾತು ಸುತ್ತುತ್ತಿತ್ತು: ಇವನ ಬುಗುರಿಯನ್ನು ಕೂಡ ಯಾರೋ ಎತ್ತಿಟ್ಟಿದ್ದಾರೆ. ನಾವು ಮನೆ ಬದಲಿಸಿದಾಗಲೆಲ್ಲ ಹಳೇ ಪುಸ್ತಕ, ಮುರಿದ ಆಟಿಕೆ, ಎಲ್ಲ ಗುಜರಿಯವನ ಗಾಡಿಗೆ. ನಾನು ಚಿಕ್ಕವಳಾಗಿದ್ದೆ ಎನ್ನುವುದಕ್ಕೆ ಶಾಲೆಯ ಒಂದು ಸ್ಟಾಂಪ್ ಸೈಜ್ ಫೋಟೋ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಇನ್ನು ಪ್ರಾಜೆಕ್ಟು. ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿ ಒಂದು ವರದಿ ಬರೆದು ಕೊಡಬೇಕು, ಹೊರಗಿನಿಂದ ಬಂದ ಪರೀಕ್ಷಕರ ಎದುರು ಕೂತು ಉತ್ತರ ಹೇಳಬೇಕು. ನಮ್ಮ ಇತಿಹಾಸದ ಮೇಡಂ ಕೊಟ್ಟ ವಿಷಯ ‘ನಾನು ಬಲ್ಲ ಬಡಾವಣೆ’. ನಾನು ಜಯನಗರದ ಬಗ್ಗೆ ಬರೆದೆ. ಬ್ಲಾಕುಗಳು ಹೇಗೆ ಆದವು, ಕಾಂಪ್ಲೆಕ್ಸ್ ಯಾವಾಗ ಬಂತು, ಮರಗಳು, ಮೆಟ್ರೋ. ಪುಸ್ತಕದಲ್ಲಿದ್ದದ್ದು, ಮೊಬೈಲಿನಲ್ಲಿ ಸಿಕ್ಕಿದ್ದು. ಮೇಡಂ ಅದನ್ನು ನಾಲ್ಕು ಪುಟ ತಿರುವಿ ವಾಪಸು ಕೊಟ್ಟರು.

“ಇದು ಯಾರು ಬೇಕಾದ್ರೂ ಬರೀಬಹುದಲ್ಲಮ್ಮ. ಇದರಲ್ಲಿ ನೀವೆಲ್ಲಿದ್ದೀರಿ? ಬೇರೆ ಬರ್ಕೊಂಡು ಬನ್ನಿ. ಇದಕ್ಕೆ ನಾನು ಸೈನ್ ಹಾಕಲ್ಲ.”

ಅವರು ಸೈನ್ ಹಾಕದಿದ್ದರೆ ವೈವಾ ಇಲ್ಲ. ವೈವಾ ಇಲ್ಲದಿದ್ದರೆ ಡಿಗ್ರಿ ಇಲ್ಲ, ಮತ್ತೊಂದು ವರ್ಷ. ಮತ್ತೊಂದು ವರ್ಷ ಕ್ಲಿನಿಕ್ಕಿನ ಡ್ಯೂಟಿ ಅದಲುಬದಲು ಮಾಡಿಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಿಟ್ಟರೆ ಬಿಟ್ಟೇಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆಯ ಎಷ್ಟು ಜನರ ಓದು ಹಾಗೆಯೇ, ಒಂದೇ ಒಂದು ಕಾಗದದ ಈಚೆ ನಿಂತುಹೋಗಿದೆ!

ಗಂಡ ಮನೆಯಲ್ಲಿ ವಿಷಯ ಕೇಳಿ ಸಲೀಸಾಗಿ ಹೇಳಿದ: “ಅಷ್ಟೇ ತಾನೇ? ನಾನು ಬರ್ಕೊಡ್ತೀನಿ ಬಿಡೇ. ಒಂದು ವೀಕೆಂಡ್ ಕೂತ್ರೆ ಮುಗೀತು.”

ಒಂದು ವೀಕೆಂಡ್. ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಅವನಿಗೆ ಒಂದು ವೀಕೆಂಡ್! ಸಿಟ್ಟು ಬಂತು. ಆದರೆ ಬೇಡ ಎನ್ನಲಿಲ್ಲ. ಬೇರೆ ದಾರಿ ಕಾಣದೆ, “ನೋಡೋಣ” ಎಂದೆ.

ಅದೇ ಹೊತ್ತಿಗೆ ಅವನ ಕಾರ್ಖಾನೆಯವರು ಅವನನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿದರು. ಕೊನೆಯ ಒಂದು ವಾರಕ್ಕೆ ನಾನೂ ಹೋಗುವುದೆಂದಾಯಿತು. ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟಳು. ಅತ್ತೆಯವರು ತಮ್ಮ ಸ್ವೆಟರ್ ಕೊಟ್ಟರು. ನಾನು ಜಯನಗರ ಫೋರ್ತ್ ಬ್ಲಾಕಿನಲ್ಲಿ ಲೇಸ್ ಕಟ್ಟುವ ಶೂ ಕೊಂಡೆ. ನನಗೆಂದೇ ಕೊಂಡ ಜೀವನದ ಮೊದಲ ಶೂ. ಶಾಲೆಯಲ್ಲಿ ಹಾಕಿದ್ದು ಇನ್ನೊಬ್ಬರ ಮನೆಯ ಮಗುವಿನದು, ಅಮ್ಮ ಕೆಲಸಕ್ಕೆ ಹೋಗುತ್ತಿದ್ದಲ್ಲಿಂದ ಬಂದದ್ದು.

ನದಿಯ ದಂಡೆಯ ಒಂದು ಮಧ್ಯಮ ಗಾತ್ರದ ಊರು ಅದು, ಕಾರ್ಖಾನೆಗಳ ಊರು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ, ನಮ್ಮ ಕಡೆ ಬಂದ್ ಆದ ಹಾಗೆ ಬೀದಿ ಖಾಲಿ. ಎಲ್ಲಿಗೆ ಹೋಗುವುದೆಂದು ಕೇಳಿದಾಗ ಗಂಡ, “ಸಿಟಿ ಮ್ಯೂಸಿಯಂ ತೆಗೆದಿರುತ್ತೆ, ಬಾ” ಎಂದ. ನನಗೆ ಸತ್ತ ಕಾಲೇಜು ನೆನಪಾಯಿತು. ಹೇಳಲಿಲ್ಲ. ಅದನ್ನು ಅವನಿಗೆ ವಿವರಿಸಿ ಹೇಳಿದರೆ ಅವನೂ ನಗುತ್ತಿದ್ದ.

ಒಳಗೆ ಹೋದ ಕೂಡಲೇ ಅವನು ಬೇರೆ ಮನುಷ್ಯನಾದ. ಕೋಟನ್ನು ಎಲ್ಲಿ ಇಡಬೇಕು, ಚೀಲ ಎಲ್ಲಿ, ಎಲ್ಲ ಗೊತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನು ಒಂದಿಷ್ಟು ವಾರೆ ಮಾಡಿ, ಒಂದೊಂದು ಗಾಜಿನ ಪೆಟ್ಟಿಗೆಯ ಎದುರೂ ನಿಲ್ಲುತ್ತಾನೆ. ಅವಸರವಿಲ್ಲ. ಯಾರೂ ತನ್ನನ್ನು ಮುಂದಕ್ಕೆ ನಡಿ ಎನ್ನಲಾರರು ಎನ್ನುವ ಭರವಸೆ. ನಾನು ಶಾಲೆಯಿಂದ ಒಮ್ಮೆ ಮ್ಯೂಸಿಯಮ್ಮಿಗೆ ಹೋಗಿದ್ದೆ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲು. “ಮುಟ್ಟಬೇಡಿ, ನಿಲ್ಲಬೇಡಿ, ನಡೀರಿ ನಡೀರಿ.” ನನಗೆ ಕಂಡದ್ದು ಮುಂದಿನವಳ ಜಡೆ. ಈಗಲೂ ನನ್ನ ಕಾಲು ತಾನಾಗಿ ಓಡುತ್ತಿತ್ತು. ಒಂದು ಹಜಾರ ಮುಗಿಸಿ ತಿರುಗಿ ನೋಡಿದರೆ ಅವನು ಎರಡನೇ ಪೆಟ್ಟಿಗೆಯಲ್ಲೇ ಇದ್ದಾನೆ.

“ಹೆಂಗ್ ನಿಂತ್ಕೋತೀಯೋ ಅಷ್ಟು ಹೊತ್ತು?” ಕೇಳಿದೆ.

“ನಮ್ಮಪ್ಪ ರಜದಲ್ಲಿ ಕರ್ಕೊಂಡು ಹೋಗೋರು. ಒಂದು ಸಲಕ್ಕೆ ಒಂದೇ ರೂಮು. ನೋಡಿ ಬಂದು ಮನೇಲಿ ಬಿಡಿಸಿ ತೋರಿಸ್ಬೇಕಿತ್ತು. ಆಮೇಲೆ ಮಸಾಲೆ ದೋಸೆ.”

ಒಂದು ಸಲಕ್ಕೆ ಒಂದೇ ರೂಮು. ಮೇಲೆ ಮಸಾಲೆ ದೋಸೆ. ನಾನು ನನ್ನ ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ ನೋಡಿದೆ. ನನಗದು ಪೊಲೀಸು ಹಿಡಿದುಕೊಂಡು ಹೋಗುವ ಹಾಗೆ ಕಂಡಿತು. ಬಿಟ್ಟುಬಿಟ್ಟೆ. ಅವನನ್ನು ಹಿಂದೆ ಬಿಟ್ಟು ಮಹಡಿ ಹತ್ತಿದೆ.

ಮಹಡಿಯ ಮೂಲೆಯಲ್ಲಿ ಆ ಮನೆ ಇತ್ತು.

ಮನೆ ಎಂದರೆ ಒಂದೇ ಕೋಣೆ. ಹಳೇ ಕಾಲದ ಒಬ್ಬ ಕಾರ್ಖಾನೆ ಕೆಲಸದವನ ಕುಟುಂಬ ಇದ್ದ ಬಾಡಿಗೆ ಕೋಣೆಯನ್ನು, ಆ ಕಟ್ಟಡ ಒಡೆಯುವ ಮುಂಚೆ, ಗೋಡೆ ಬಾಗಿಲು ಸಮೇತ ಎತ್ತಿ ತಂದು ಇಲ್ಲಿ ನಿಲ್ಲಿಸಿದ್ದರು. ಹಗ್ಗ ಕಟ್ಟಿರಲಿಲ್ಲ, ಒಳಗೆ ಹೋಗಬಹುದಿತ್ತು. ಮರದ ಬಾಗಿಲು, ಕೆಳಗೆ ನಡುಭಾಗ ಸವೆದ ಮರದ ಹೊಸಿಲು. ಒಳಗೆ ಕಬ್ಬಿಣದ ಒಲೆ, ಇದ್ದಿಲ ಬಕೆಟ್ಟು, ಅಂಚು ಕಿತ್ತುಹೋದ ಬಿಳಿ ಬೋಗುಣಿ, ಗೋಡೆಯಿಂದ ಗೋಡೆಗೆ ಕಟ್ಟಿದ ದಾರದಲ್ಲಿ ಒಣಗಲು ಹಾಕಿದ ಮಗುವಿನ ಕಾಲುಚೀಲ. ಒಲೆಯ ಪಕ್ಕದಲ್ಲೇ ಮಂಚ. ಎರಡು ಕುರ್ಚಿ ಎದುರುಬದುರು ಜೋಡಿಸಿ ಅದರ ಮೇಲೊಂದು ಪುಟ್ಟ ಹಾಸಿಗೆ.

ನಾನು ಬಾಗಿಲಲ್ಲಿ ಬಗ್ಗಿ, ಲೇಸು ಬಿಚ್ಚಿ, ಶೂ ಎರಡನ್ನೂ ಪಕ್ಕಕ್ಕೆ ಜೋಡಿಸಿಟ್ಟು, ಹೊಸಿಲು ತುಳಿಯದೆ ದಾಟಿ ಒಳಗೆ ಹೋದೆ.

ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಮಾಡಿತು. ಒಲೆ ಕಂಡಿತಲ್ಲ, ಕಾಲಲ್ಲಿದ್ದದ್ದು ಹೊರಗೆ ಹೋಯಿತು.

ಎಷ್ಟು ಹೊತ್ತು ಒಳಗಿದ್ದೆನೋ. ಹಿಂದೆ ಸದ್ದಾಯಿತೆಂದು ತಿರುಗಿದರೆ ವಯಸ್ಸಾದ ದಂಪತಿಗಳಿಬ್ಬರು ಕಾಲುಚೀಲದಲ್ಲಿ ನಿಂತಿದ್ದಾರೆ. ಬಾಗಿಲಾಚೆ ಒಬ್ಬ ದಪ್ಪ ಮನುಷ್ಯ ಗೋಡೆಗೆ ಕೈಯಾನಿಸಿ ಏದುಸಿರು ಬಿಡುತ್ತ ಬೂಟು ಎಳೆಯುತ್ತಿದ್ದಾನೆ. ಅವನ ಹೆಂಡತಿ ಅವನನ್ನು ಹಿಡಿದುಕೊಂಡಿದ್ದಾಳೆ. ಹೊಸಿಲಿನ ಪಕ್ಕ ನನ್ನ ಫೋರ್ತ್ ಬ್ಲಾಕ್ ಶೂವಿನ ನಂತರ ಸಾಲಾಗಿ ಬೂಟುಗಳು, ಸತ್ಯನಾರಾಯಣ ಪೂಜೆಯ ಮನೆಯ ಮುಂದೆ ಇದ್ದ ಹಾಗೆ. ನನ್ನನ್ನು ನೋಡಿ ಎಲ್ಲರೂ ಇದು ಇಲ್ಲಿಯ ನಿಯಮ ಅಂದುಕೊಂಡಿದ್ದರು.

ಕಾವಲಿನ ಹೆಂಗಸು ಬಂದಳು. ಬೂಟುಗಳನ್ನು ನೋಡಿದಳು, ಬೂಟಿಲ್ಲದ ಕಾಲುಗಳನ್ನು ನೋಡಿದಳು, ಅವರ ಭಾಷೆಯಲ್ಲಿ ಏನೋ ಕೇಳಿದಳು. ದಪ್ಪ ಮನುಷ್ಯ ನನ್ನ ಕಡೆಗೆ ಬೆರಳು ತೋರಿಸಿದ. ಅಷ್ಟರಲ್ಲಿ ಗಂಡ ಮೆಟ್ಟಿಲು ಹತ್ತಿ ಬಂದ. ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು ಅವನಿಗೆ. ಮುಖ ಕೆಂಪಾಯಿತು.

“ಏನೇ ಇದು? ಮ್ಯೂಸಿಯಂ ಕಣೇ, ದೇವಸ್ಥಾನ ಅಲ್ಲ.”

“ದೇವಸ್ಥಾನ ಅಂತ ಯಾರಂದ್ರು? ಯಾರದೋ ಮನೆ ಅಲ್ವಾ?”

ಅವನು ಇಂಗ್ಲಿಷಿನಲ್ಲಿ ಆ ಹೆಂಗಸಿಗೆ ವಿವರಿಸಿದ. ತಮಾಷೆಯಾಗಿಯೇ ವಿವರಿಸಿದ. ನಮ್ಮ ದೇಶದಲ್ಲಿ ಹೀಗೆ, ನನ್ನ ಹೆಂಡತಿ ಹಾಗೆ. ಎಲ್ಲರೂ ನಕ್ಕರು, ಕೆಟ್ಟ ನಗುವಲ್ಲ. ಆ ಹೆಂಗಸು ನನ್ನ ಕೈ ಹಿಡಿದು ಏನೋ ಹೇಳಿದಳು, ಅದಕ್ಕೂ ಅವನೇ ಉತ್ತರ ಕೊಟ್ಟ. ನನ್ನ ಕಾಲಿನ ವಿಷಯ, ಮಾತು ಮಾತ್ರ ಅವನದು. ಅಲ್ಲಿಯೂ ಹೊಟ್ಟೆ ಉರಿಯಿತು.

ಅವರೆಲ್ಲ ಹೋದ ಮೇಲೆ ಗೋಡೆಯ ಫಲಕವನ್ನು ಓದಿದೆ. ಇಂಗ್ಲಿಷಿನಲ್ಲೂ ಇತ್ತು. ಅವನು ಓದಿಹೇಳಲು ಬಾಯಿ ತೆರೆದ, ಕೈ ಅಡ್ಡ ಹಿಡಿದು ನಾನೇ ಓದಿದೆ, ನಿಧಾನವಾಗಿ. ಆ ಮನೆಯ ಹೆಂಗಸು ಊರಿನವರ ಬಟ್ಟೆ ಒಗೆದು ಕೊಡುತ್ತಿದ್ದಳಂತೆ. ಒಲೆಯ ಹಿಂದಿನ ಗೋಡೆಯ ಮೇಲಿನ ಮಸಿ ಅವಳ ಕಾಲದ್ದೇ. ಅದನ್ನು ಒರೆಸದೆ, ಬಣ್ಣ ಬಳಿಯದೆ, ಹಾಗೆಯೇ ಉಳಿಸಿಕೊಳ್ಳಲಾಗಿದೆ ಎಂದು ಬರೆದಿತ್ತು. ನೋಡಿದರೆ ಹೌದು. ಮಸಿಯ ಮೇಲೆ ಗಾಜು. ಗಾಜಿನ ಮೇಲೆ ಒಂದು ಸಣ್ಣ ದೀಪ.

ಮಸಿಗೆ ಗಾಜು ಹಾಕಿದ್ದಾರೆ.

ನಮ್ಮ ವಠಾರದ ಕೋಣೆಯಲ್ಲೂ ಒಲೆಯ ಹಿಂದೆ ಇಷ್ಟೇ ಅಗಲದ ಮಸಿ ಇತ್ತು. ಅದೇ ಆಕಾರ, ಕೆಳಗೆ ದಪ್ಪ, ಮೇಲೆ ಹೋಗುತ್ತ ತೆಳು. ಮನೆ ಓನರ್ ಹೆಂಡತಿ ತಿಂಗಳಿಗೊಮ್ಮೆ ಬಂದು ಬಾಗಿಲಲ್ಲೇ ನಿಂತು ಬೈಯುತ್ತಿದ್ದಳು. “ಗೋಡೆ ಏನು ಮಾಡಿಟ್ಟಿದೀಯ ನೋಡು, ಮಸಣ ಆದಂಗಾಗಿದೆ.” ಅಮ್ಮ ಅವಳ ಎದುರೇ ಹಳೇ ಬಟ್ಟೆ ತೋಯಿಸಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಹರಡುತ್ತಿತ್ತು. ಹಬ್ಬದ ಮುಂಚೆ ಅಪ್ಪ ಕೆಲಸದಲ್ಲಿ ಮಿಕ್ಕ ಬಣ್ಣ ತಂದು ಬಳಿಯುತ್ತಿದ್ದರು. ಅಪ್ಪ ಪೇಂಟರ್. ಹಬ್ಬ ಮುಗಿಯುವಷ್ಟರಲ್ಲಿ ಮಸಿ ಮತ್ತೆ ಹಾಜರ್.

ಆ ವಠಾರವನ್ನು ಒಡೆದರು. ಯಾರೂ ಬಂದು ಒಂದು ಗೋಡೆ ಎತ್ತಿಕೊಂಡು ಹೋಗಲಿಲ್ಲ. ಎತ್ತಿಕೊಳ್ಳುವಂಥದ್ದು ಅಲ್ಲಿ ಏನೋ ಇದೆ ಎಂದು ಯಾರಿಗೂ, ನಮಗೂ, ಅನ್ನಿಸಲಿಲ್ಲ. ಈ ಹೆಸರು ಗೊತ್ತಿಲ್ಲದ ಅಗಸಗಿತ್ತಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಹೇಗೆ ಹೇಳಲಿ? ಅವಳೂ ಬೈಗುಳ ತಿಂದಿರುತ್ತಾಳೆ, ಅವಳ ಕೈಯೂ ಒಡೆದಿರುತ್ತದೆ, ಎಲ್ಲ ಗೊತ್ತು. ಆದರೂ ಅವಳ ಮಸಿಗೆ ದೀಪ ಹಚ್ಚಿದ್ದಾರೆ. ನಮ್ಮಮ್ಮನ ಮಸಿ ಜೆಸಿಬಿಗೆ ಹೋಯಿತು.

ಗಂಡ ಪಕ್ಕದಲ್ಲಿ ನಿಂತು ಫಲಕ ಓದಿ ಮುಗಿಸಿದ್ದ. ಚಿಟಿಕೆ ಹೊಡೆದ.

“ಏಯ್, ಸಖತ್ತಾಗಿದೆ ಇದು. ನಿನ್ನ ಪ್ರಾಜೆಕ್ಟ್ ಇದೇ ಕಣೇ! ಇಲ್ಲಿನ ವರ್ಕರ್ಸ್ ಹೌಸಿಂಗ್, ಅಲ್ಲಿ ನಿಮ್ಮ ವಠಾರ, ಕಂಪೇರ್ ಮಾಡು. ನಾನು ಇವತ್ತೇ ಔಟ್‌ಲೈನ್ ಹಾಕ್ಕೊಡ್ತೀನಿ. ಮೂರು ಚಾಪ್ಟರ್ ಆಗುತ್ತೆ.”

ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಅವನ ಬಾಯಲ್ಲಿ ಆಗಲೇ ಮೂರು ಚಾಪ್ಟರ್ ಆಗಿತ್ತು.

“ನೀವು ಸ್ವಲ್ಪ ಸುಮ್ನಿರ್ತೀರಾ?” ಎಂದೆ.

ನಾನು ಅವನನ್ನು ಮೊದಲಿನಿಂದ ‘ನೀನು’ ಎನ್ನುವುದು. ಅತ್ತೆಯವರ ಎದುರಿಗೆ ‘ರೀ’. ಇಬ್ಬರೇ ಇರುವಾಗ ‘ನೀವು’ ಬಂತೆಂದರೆ ಜಗಳ ಎಂದು ಅವನಿಗೆ ಗೊತ್ತು. ಫಲಕ ಬಿಟ್ಟು ನನ್ನ ಹಿಂದೆ ಬಂದ. ಕೆಳಗೆ ಅಂಗಳದ ಬೆಂಚಿನ ಮೇಲೆ ಕೂತೆವು. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ತಲೆ ಎತ್ತಲಿಲ್ಲ.

“ನಾನೇನಂದೆ ಈಗ?”

“ಏನಿಲ್ಲ. ನಿಮಗೆಲ್ಲ ಗೊತ್ತಲ್ಲ. ಮ್ಯೂಸಿಯಮ್ಮೂ ಗೊತ್ತು, ವಠಾರಾನೂ ಗೊತ್ತು.”

“ಹೆಲ್ಪ್ ಮಾಡೋಣ ಅಂತ...”

“ನಮ್ಮಪ್ಪನೂ ಮ್ಯೂಸಿಯಂಗೆ ಹೋಗಿದ್ರು. ಕಾಂಪೌಂಡಿಗೆ ಬಣ್ಣ ಹೊಡಿಯೋಕೆ. ಒಳಗೆ ಹೋಗಿ ನೋಡಿದ್ರಾ ಅಂದ್ರೆ, ‘ಕಂಟ್ರಾಕ್ಟ್ ಹೊರಗಡೇದು ಮಾತ್ರ ಕಣವ್ವಾ’ ಅಂದಿದ್ರು.”

ಈಗ ಅವನಿಗೂ ಸಿಟ್ಟು ಬಂತು. “ನಮ್ಮಪ್ಪ ಕರ್ಕೊಂಡು ಹೋಗಿದ್ದು ನನ್ನ ತಪ್ಪೇನೇ?”

“ತಪ್ಪಲ್ಲ. ನಂಗೆ ಹೊಟ್ಟೆಕಿಚ್ಚು, ಅಷ್ಟೇ.”

“ಯಾರ ಮೇಲೆ?”

“ನಿಮ್ಮ ಮೇಲೆ. ನಿಮ್ಮಪ್ಪನ ಮೇಲೆ. ನಿಮ್ಮ ಬುಗುರಿ ಮೇಲೆ. ಮೇಲ್ಗಡೆ ಆ ಒಲೆ ಮೇಲೆ.”

“ಒಲೆ ಮೇಲಾ?”

“ಹೂಂ. ಒಲೆ ಮೇಲೆ.”

ಅವನಿಗೆ ನಗು ಬಂತು, ತಡೆದುಕೊಂಡ. ನನಗೂ ಬಂತು, ನಾನು ತಡೆದುಕೊಳ್ಳಲಿಲ್ಲ. ನಗುತ್ತಲೇ ಹೇಳಿದೆ, ಈ ವರದಿಯ ಒಂದು ಸಾಲನ್ನೂ ನೀನು ಬರೆಯಬಾರದು, ಪ್ರಿಂಟ್ ಆಗುವವರೆಗೆ ಓದಲೂಬಾರದು. ಫೇಲಾದರೆ ನಾನೇ ಫೇಲಾಗುತ್ತೇನೆ. ‘ನೀನು’ ವಾಪಸು ಬಂದದ್ದು ಕೇಳಿ ಅವನು ತಲೆಯಾಡಿಸಿದ.

ಬೆಂಗಳೂರಿಗೆ ಬಂದು ಮೇಡಂಗೆ ವಿಷಯ ಹೇಳಿದೆ. ಅರೆಕೆರೆಯ ಒಂದು ವಠಾರ, ಒಂದು ಕೋಣೆ, ಅಲ್ಲಿ ಏನೇನಿತ್ತು, ಎಲ್ಲಿಗೆ ಹೋಯಿತು.

“ಆಧಾರ ಯಾವ್ದಮ್ಮ?”

“ನಮ್ಮಮ್ಮ, ಮೇಡಂ.”

“ಸರಿ, ಬರೀರಿ. ಆದ್ರೆ ಅಮ್ಮ ಹೇಳಿದ್ದನ್ನೆಲ್ಲ ನಂಬಬೇಡಿ. ಪಕ್ಕದ ಮನೆಯವರನ್ನೂ ಕೇಳಿ.”

ಅಮ್ಮ ಈಗ ಹುಳಿಮಾವಿನಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಅಪ್ಪ ಹೋಗಿ ಕೆಲವು ವರ್ಷವಾಯಿತು. ವಿಷಯ ಕೇಳಿ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

“ಥೂ, ಆ ಕೊಂಪೆ ಬಗ್ಗೆ ಬರೀತಾರೇನೇ? ಅರಮನೆ ಬಗ್ಗೆ ಬರಿ, ಮಾರ್ಕ್ಸ್ ಕೊಡ್ತಾರೆ. ಕಿಟಕಿ ಇಲ್ದಿರೋ ರೂಮಿಗೆ ಯಾರು ಕೊಡ್ತಾರೆ? ನಿಮ್ಮತ್ತೆ ಓದಿದ್ರೆ ಏನಂದ್ಕೊತಾರೆ, ಎಂಥಾ ಮನೆಯಿಂದ ಹೆಣ್ಣು ತಂದ್ವಿ ಅಂತಾರೆ.”

“ಅವ್ರಿಗೆ ಗೊತ್ತಿಲ್ವಾ ನಾನು ಎಲ್ಲಿಂದ ಬಂದೆ ಅಂತ?”

“ಗೊತ್ತಿರೋದು ಬೇರೆ, ಬರ್ದಿಡೋದು ಬೇರೆ.”

ನಾನು ಒಂದು ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆದು ಅವಳ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಸಿ ಸೊಪ್ಪಿನ ಬೆರಳನ್ನೇ ಹಾಳೆಯ ಮೇಲೆ ಊರಿದಳು.

“ಒಲೆ ಈ ಕಡೆ ಎಲ್ಲಿತ್ತೇ? ಬಾಗಿಲ ಪಕ್ಕ ಇತ್ತು. ಹೊಗೆ ಹೋಗ್ಬೇಕಲ್ಲ. ನಿಂಗೇನು ನೆನಪೇ ಇಲ್ವಾ? ಇಲ್ಲಿ ನಿಮ್ಮಪ್ಪನ ಬಣ್ಣದ ಡಬ್ಬಗಳು. ಅದ್ರ ಮೇಲೆ ಹಲಗೆ ಹಾಕಿ ನೀನು ಓದೋದು. ಅಳಿಸು, ಅಳಿಸಿ ಬೇರೆ ಹಾಕು.”

ಅಂದಿನಿಂದ ಅವಳೇ ಫೋನ್ ಮಾಡತೊಡಗಿದಳು. ಕ್ಲಿನಿಕ್ಕಿನಲ್ಲಿ ಜನ ನಿಂತಿರುವಾಗಲೂ. “ಗೂಟದ ವಿಷಯ ಬರ್ದೇನೇ? ಛತ್ರಿ ನೇತಾಕೋ ಗೂಟ?” ಪಕ್ಕದ ಕೋಣೆಯಲ್ಲಿದ್ದ ಆಂಟಿಯನ್ನು ಹುಡುಕಿ ಮಾತಾಡಿಸಿದೆ ಎಂದರೆ ಅಮ್ಮನಿಗೆ ಸಿಟ್ಟು. “ಅವಳೇನು ಹೇಳ್ತಾಳೆ? ಅವಳು ಬಂದಿದ್ದೇ ಆಮೇಲೆ.”

ಒಂದು ದಿನ ಇಬ್ಬರೂ ಅರೆಕೆರೆಗೆ ಹೋದೆವು. ವಠಾರವಿದ್ದ ಜಾಗದಲ್ಲಿ ಎತ್ತರದ ಪಿಜಿ ಕಟ್ಟಡ, ಮುಂಭಾಗಕ್ಕೆಲ್ಲ ಹೊಳೆಯುವ ಟೈಲ್ಸು. ಗೇಟಿನಲ್ಲಿದ್ದವನು ಕೇಳಿದ, “ರೂಮ್ ಬೇಕಿತ್ತಾ ಆಂಟಿ? ಇದು ಜೆಂಟ್ಸ್ ಪಿಜಿ.”

“ನಮ್ಮ ರೂಮು ಇಲ್ಲೇ ಇತ್ತಪ್ಪ, ನೋಡ್ಕೊಂಡು ಹೋಗ್ತೀವಿ,” ಎಂದಳು ಅಮ್ಮ, ಬಾಡಿಗೆ ಬಾಕಿ ಕೇಳಲು ಬಂದ ಮಾಲೀಕಳ ಗತ್ತಿನಲ್ಲಿ. ಬೈಕುಗಳು ನಿಂತ ಜಾಗದಲ್ಲಿ ಅತ್ತ ಇತ್ತ ನಡೆದು ಒಂದು ಕಡೆ ನಿಂತಳು. “ಒಲೆ ಇಲ್ಲಿ. ಬರ್ಕೋ.” ನಾನು ಬರೆದುಕೊಂಡೆ. ಅವಳ ಪಕ್ಕದಲ್ಲಿ ಒಂದು ಬೈಕಿನಿಂದ ಆಯಿಲ್ ತೊಟ್ಟಿಕ್ಕಿ ನೆಲ ಕಪ್ಪಾಗಿತ್ತು. ಆ ಬೈಕಿನ ಹುಡುಗನಿಗೆ ಯಾವ ಓನರ್ ಹೆಂಡತಿಯೂ ಬೈದಿರಲಾರಳು ಎಂದು ನನಗನ್ನಿಸಿತು, ಅವನ ಮೇಲೂ ಸ್ವಲ್ಪ ಉರಿದುಕೊಂಡೆ.

ವರದಿ ಪ್ರಿಂಟ್ ಆದ ಮೇಲೆ ಗಂಡನಿಗೆ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿದ. ಮುಗಿಸಿ ಸ್ವಲ್ಪ ಹೊತ್ತು ಹಾಳೆಗಳನ್ನು ಜೋಡಿಸುತ್ತ ಕೂತ.

“ನಾನು ಬರೆದಿದ್ರೆ ಹಿಂಗಾಗ್ತಿರ್ಲಿಲ್ಲ,” ಎಂದ. “ನಮ್ಮನೆ ಬಗ್ಗೆ ಬರಿ ಅಂದ್ರೆ ನಂಗೆ ಇಷ್ಟು ಹೇಳೋಕೆ ಬರಲ್ಲ.”

ಅವನ ಮುಖದಲ್ಲಿ ಹೊಟ್ಟೆಕಿಚ್ಚು ಒಂದಿಷ್ಟು ಕಂಡಿತು. ಇರಲಿಲ್ಲವೇನೋ. ನಾನು ಕಂಡಿತು ಎಂದೇ ಇಟ್ಟುಕೊಂಡಿದ್ದೇನೆ.

ಮೇಡಂ ಸೈನ್ ಹಾಕಿದರು. ವೈವಾಕ್ಕೆ ಬಂದಿದ್ದ ಹೊರಗಿನ ಪರೀಕ್ಷಕರು ವಯಸ್ಸಾದವರು. ನನ್ನ ವರದಿಯನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು.

“ಇದು ನಿಮ್ಮ ಮನೆ ಕಥೆ ಅಲ್ವೇನಮ್ಮ? ಇತಿಹಾಸ ಹೇಗಾಗುತ್ತೆ?”

ಎಷ್ಟೋ ಸಲ ಕನ್ನಡಿಯ ಎದುರು ಹೇಳಿಕೊಂಡಿದ್ದ ಉತ್ತರಗಳನ್ನೆಲ್ಲ ಬಿಟ್ಟು ಬಾಯಿಗೆ ಬಂದದ್ದನ್ನು ಹೇಳಿದೆ. “ಸಾರ್, ಪರದೇಶದಲ್ಲಿ ಒಬ್ಬ ಅಗಸಗಿತ್ತಿ ಮನೆ ಮಸಿಗೆ ಗಾಜು ಹಾಕಿಟ್ಟಿದಾರೆ. ಅದನ್ನ ನೋಡೋಕೆ ಟಿಕೆಟ್ ಕೊಟ್ಟು ಹೋಗ್ತಾರೆ, ನಾನೂ ಹೋಗಿದ್ದೆ. ಅದು ಇತಿಹಾಸ ಅಂದ್ರೆ, ನಮ್ಮಮ್ಮ ತಿಕ್ಕಿ ತಿಕ್ಕಿ ಹೋಗದಿದ್ದ ಮಸಿ ಯಾಕಲ್ಲ ಸಾರ್?”

ಅವರು ಕನ್ನಡಕದ ಮೇಲಿನಿಂದ ನೋಡಿದರು. “ಬಾಡಿಗೆ ರಸೀದಿ ಗಿಸೀದಿ ಏನಾದ್ರೂ ಉಳಿದಿದೆಯಾ?”

“ಇಲ್ಲ ಸಾರ್. ಬೈಗುಳ ಉಳಿದಿದೆ. ಕೊನೇ ಪುಟಗಳಲ್ಲಿ ಹಾಕಿದೀನಿ.”

ಅವರು ಪುಟ ತೆಗೆದು ಓದಿದರು. ಓದುತ್ತ ತುಟಿ ಕಚ್ಚಿಕೊಂಡು ನಗು ನುಂಗಿದರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. “ಹೋಗಿ ಬನ್ನಿ” ಎಂದರು ಪರೀಕ್ಷಕರು. ಪಾಸೋ ಫೇಲೋ ತಿಳಿಯದೆ ಹೊರಗೆ ಬಂದು ಎರಡು ಲೋಟ ನೀರು ಕುಡಿದೆ.

ಪಾಸು. ಫಸ್ಟ್ ಕ್ಲಾಸು.

ಪದವಿ ಪ್ರದಾನ ನಮ್ಮ ಕಾಲೇಜಿನ ಹಾಲಿನಲ್ಲೇ, ಒಂದು ಶನಿವಾರ ಸಂಜೆ. ಸಂಜೆ ಕಾಲೇಜಿನವರು ನಾವೆಲ್ಲ ಡ್ಯೂಟಿ ಮುಗಿಸಿ ಬಂದವರು. ನನ್ನ ಮುಂದೆ ನಿಂತಿದ್ದವರ ನಿಲುವಂಗಿಯ ಕೆಳಗೆ ಕೊರಿಯರ್ ಕಂಪನಿಯ ಟೀಶರ್ಟ್ ಕಾಣುತ್ತಿತ್ತು. ಬಾಡಿಗೆಗೆ ತಂದಿದ್ದ ನನ್ನ ಕಪ್ಪು ನಿಲುವಂಗಿ ನೆಲಕ್ಕೆ ತಾಗುತ್ತಿತ್ತು, ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಪ್ರಿನ್ಸಿಪಾಲರು ಸರ್ಟಿಫಿಕೇಟ್ ಕೊಟ್ಟು, “ಇತ್ತ ನೋಡಿ, ಫೋಟೋ” ಎಂದರು. ನಾನು ಅತ್ತ ನೋಡಿದೆ, ಅಮ್ಮ ಕೂತಿದ್ದ ಕಡೆ. ಗಂಡ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದ. ಅತ್ತೆಯವರು ಮಂಡಿ ನೋವಿನಲ್ಲೂ ಎದ್ದಿದ್ದರು. ಅಮ್ಮ ಮಾತ್ರ ಕೂತೇ ಇದ್ದಳು, ಎರಡೂ ಕೈ ಮಡಿಲಲ್ಲಿಟ್ಟು, ವೇದಿಕೆಯನ್ನೇ ದಿಟ್ಟಿಸುತ್ತ.

ಕೆಳಗಿಳಿದು ಬಂದು ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬರುವುದಿಲ್ಲ ಅವಳಿಗೆ. ಆದರೂ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ಕಣ್ಣು ಓಡಿಸಿದಳು. ನನ್ನ ಹೆಸರು ಯಾವುದೆಂದು ಕೇಳಿದಳು, ತೋರಿಸಿದೆ. ಅದರ ಮೇಲೆ ಹೆಬ್ಬೆರಳಿಟ್ಟು, ನನ್ನ ಮುಖ ನೋಡದೆಯೇ ಹೇಳಿದಳು:

“ಹೇಳಿಕೊಟ್ಟವಳು ನಾನು, ಹೆಸರು ನಿಂದು. ಆಗ್ಲಿ ಬಿಡು. ಆ ಕಾಲಕ್ಕೆ ನನ್ನ ಯಾರಾದ್ರೂ ಸೇರಿಸಿದ್ರೆ, ನಿನಗಿಂತ ಜಾಸ್ತಿ ಮಾರ್ಕ್ಸ್ ತಗೋತಿದ್ದೆ ಕಣೇ ನಾನು.”